‘ಆ ಗಿರಣಿಯವರು ಎಲ್ಲಿ ಮಲಗ್ತಿದ್ರು ಮಿಸ್?’ – 1840ರ ದಶಕದ ಮ್ಯಾಂಚೆಸ್ಟರ್ ಬಗ್ಗೆ ಒಂದು ಪ್ರಶ್ನೆ

ಟೀಚರಕ್ಕ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಕೈಗಾರಿಕಾ ಕ್ರಾಂತಿ ಪಾಠ ನಡೆಯುತ್ತಿತ್ತು. ಹಾರ್ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್, ವಾಟ್ ಅಂತ ಹೆಸರು ಬರೆಸಿದೆ, ಎದುರಿಗೆ ಯಂತ್ರದ ಹೆಸರು ಬರೆಸಿದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ‘ಅಷ್ಟೊಂದು ಜನ ಊರು ಬಿಟ್ಟು ಬಂದ್ರು ಅಂದ್ರಲ್ಲ, ಅವರೆಲ್ಲ ರಾತ್ರಿ ಎಲ್ಲಿ ಮಲಗ್ತಿದ್ರು ಮಿಸ್?’

ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತಿನಿಂದ ರಾತ್ರಿ ಕೂತು ಓದುತ್ತಿದ್ದೇನೆ. ಮ್ಯಾಂಚೆಸ್ಟರ್ ಒಂದನ್ನೇ ಹಿಡಿದುಕೊಂಡೆ. 1801ರಲ್ಲಿ ಅಲ್ಲಿ ಸುಮಾರು 75 ಸಾವಿರ ಜನ. 1851ಕ್ಕೆ 3 ಲಕ್ಷ. ಅಂದರೆ ಒಂದು ಆಯುಷ್ಯದೊಳಗೆ ನಾಲ್ಕು ಪಟ್ಟು.

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬವರು ಬ್ರಿಟನ್ನಿನ ದುಡಿಯುವ ಜನರ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಒಂದು ಪಟ್ಟಿ ಇದೆ. ಸತ್ತವರ ಸರಾಸರಿ ವಯಸ್ಸು. ಮ್ಯಾಂಚೆಸ್ಟರ್‌ನ ಕೂಲಿ ಕುಟುಂಬಗಳಲ್ಲಿ 17. ರಟ್ಲೆಂಡ್ ಎಂಬ ಹಳ್ಳಿಗಾಡಿನ ಕೂಲಿ ಕುಟುಂಬಗಳಲ್ಲಿ 38. ಮ್ಯಾಂಚೆಸ್ಟರ್‌ನ ವಕೀಲರು, ಸಿರಿವಂತರ ಮನೆಗಳಲ್ಲೂ 38! ಪಟ್ಟಣದ ಸಾಹುಕಾರ ಹಳ್ಳಿಯ ಕೂಲಿಯವನಷ್ಟೇ ಬದುಕುತ್ತಿದ್ದ. ಕೂಲಿ ಮಾತ್ರ ಮ್ಯಾಂಚೆಸ್ಟರ್‌ನಲ್ಲೇ ಜಾಸ್ತಿ.

ನನಗೆ ಅನ್ನಿಸಿದ್ದು ಇಷ್ಟು. ಆ ಊರಿಗೆ ಯಂತ್ರ ಮೊದಲು ಬಂತು, ಚರಂಡಿ 50 ವರ್ಷ ತಡವಾಗಿ ಬಂತು. ನಡುವಿನ ಆ 50 ವರ್ಷದ ಬೆಲೆಯನ್ನು ಮಕ್ಕಳು ಕೊಟ್ಟರು. ನನ್ನ ಓದು ಸರಿಯಾಗಿದೆಯಾ? ತಿಳಿದವರು ತಿದ್ದಿ. ಸೋಮವಾರ ಆ ಹುಡುಗಿಗೆ ಉತ್ತರ ಕೊಡಬೇಕು.

ದಾದಿ

ಟೀಚರಕ್ಕ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 17 ಅಂದ ಕೂಡಲೇ ಮಕ್ಕಳು ‘ಎಲ್ಲರೂ 17ಕ್ಕೆ ಸಾಯ್ತಿದ್ರು’ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೂವರಲ್ಲಿ ಇಬ್ಬರು ಹಸುಗೂಸಾಗಿಯೇ ಹೋಗಿ, ಒಬ್ಬರು 51ರವರೆಗೆ ಬದುಕಿದರೂ ಸರಾಸರಿ 17 ಬರುತ್ತದೆ. ಆ ಅಂಕಿಯ ಒಳಗಿರುವುದು ಹೆಚ್ಚಾಗಿ ತೊಟ್ಟಿಲ ಮಕ್ಕಳು. ಕೂಲಿಯವರ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ವಾಂತಿಭೇದಿ, ದಡಾರ, ನಾಯಿಕೆಮ್ಮು.

ಇನ್ನೊಂದು ವಿಷಯ ಓದಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಹೆತ್ತ ಕೆಲವೇ ವಾರಕ್ಕೆ ತಾಯಂದಿರು ಗಿರಣಿಗೆ ವಾಪಸ್ ಹೋಗುತ್ತಿದ್ದರು. ಮಗುವನ್ನು ಪಕ್ಕದ ಮನೆಯ ಮುದುಕಿಯ ಬಳಿ ಬಿಡಬೇಕು. ಅಳದೆ ಮಲಗಲಿ ಅಂತ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಔಷಧ ಕುಡಿಸುತ್ತಿದ್ದರು. ಕಾಕಂಬಿಯಲ್ಲಿ ಅಫೀಮು ಕಲಸಿದ್ದು ಅದು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಮಗು ನಿದ್ದೆಯಲ್ಲೇ ಇರುತ್ತದೆ, ಹಾಲು ಕೇಳುವುದಿಲ್ಲ, ಸೊರಗುತ್ತಾ ಹೋಗುತ್ತದೆ. ನಾನು 22 ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಗುಳೆ

ನನ್ನದು ವಿಜಯಪುರದ ಕಡೆ. ಅಪ್ಪ ಅವ್ವ ಪ್ರತಿ ವರ್ಷ ದುಡಿಯಲು ಊರು ಬಿಡುತ್ತಿದ್ದರು. ಅದಕ್ಕೇ ಕೇಳುತ್ತೇನೆ. ಪಟ್ಟಣ ಅಷ್ಟು ಕೆಟ್ಟದ್ದಾಗಿದ್ದರೆ ಜನ ಯಾಕೆ ಹೋದರು? ಅವರೇನು ಕಣ್ಣು ಮುಚ್ಚಿಕೊಂಡು ಹೋದರಾ?

ಊರಲ್ಲಿ ಉಳಿದರೂ ಬದುಕು ಇರಲಿಲ್ಲ, ಅದೇ ಕಾರಣ. ಕೈಮಗ್ಗದವರ ಕೂಲಿ ವರ್ಷದಿಂದ ವರ್ಷಕ್ಕೆ ಬಿದ್ದುಹೋಯಿತು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಕೊಳೆತು ಬರ ಬಿತ್ತು, ಜನ ದೋಣಿ ಹತ್ತಿ ಲಿವರ್‌ಪೂಲ್‌ಗೆ ಬಂದರು, ಅಲ್ಲಿಂದ ಮ್ಯಾಂಚೆಸ್ಟರ್‌ಗೆ. ಗಿರಣಿಯಲ್ಲಿ ವಾರಕ್ಕೊಮ್ಮೆ ಬಟವಾಡೆ ಆಗುತ್ತಿತ್ತು. ಕೈಯಲ್ಲಿ ರೊಕ್ಕ ಕಾಣುತ್ತಿತ್ತು. ಬರೀ ಸಾವಿನ ಲೆಕ್ಕ ಹೇಳಿದರೆ ಆ ಜನರನ್ನು ಅರ್ಧ ಮಾತ್ರ ನೋಡಿದ ಹಾಗೆ.

ಟೀಚರಕ್ಕ

ಗುಳೆ ಅವರೇ, ಒಪ್ಪಿದೆ. ದಾದಿ ಅಕ್ಕಾ, ಸರಾಸರಿಯ ವಿಷಯ ಹಾಗೇ ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ.

ನೀರಗಂಟಿ

ನಾನು ಕುಡಿಯುವ ನೀರು, ಒಳಚರಂಡಿ ಕೆಲಸದಲ್ಲೇ 30 ವರ್ಷ ಕಳೆದವನು. ಟೀಚರ್ ಹೇಳಿದ 50 ವರ್ಷದ ಅಂತರ ಯಾಕಾಯಿತು ಅಂತ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ಆ ಹುಡುಗಿಯ ಪ್ರಶ್ನೆ. ಎಲ್ಲಿ ಮಲಗುತ್ತಿದ್ದರು? ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಮನೆಗಳಲ್ಲಿ. ಮೂರು ಕಡೆ ಪಕ್ಕದವರ ಗೋಡೆ, ಗಾಳಿ ಬೆಳಕು ಒಂದೇ ಕಡೆಯಿಂದ. ಅದಕ್ಕಿಂತ ಬಡವರು ನೆಲಮಾಳಿಗೆಯಲ್ಲಿ. ಅಲ್ಲಿ ಹುಲ್ಲು ಹಾಸಿ ಇಡೀ ಕುಟುಂಬ ಮಲಗುವುದು. ಮನೆಗಳ ನಡುವೆ ಒಂದು ಸಣ್ಣ ಅಂಗಳ. ಆ ಅಂಗಳಕ್ಕೆಲ್ಲ ಸೇರಿ ಒಂದೋ ಎರಡೋ ಕಕ್ಕಸು. ಕಕ್ಕಸಿನ ಹಿಂದೆ ಗುಂಡಿ. ಗುಂಡಿ ತುಂಬಿದಾಗ ಹೊಲಸು ನೆಲದೊಳಗೆ ಇಳಿಯುತ್ತದೆ, ತಗ್ಗಿನಲ್ಲಿರುವುದು ಯಾವುದು ಹೇಳಿ? ಅದೇ ನೆಲಮಾಳಿಗೆ. ಮಳೆಗಾಲದಲ್ಲಿ ಗೋಡೆಯಿಂದ ಒಸರುತ್ತಿತ್ತು. ಮೆಡ್ಲಾಕ್ ನದಿಯ ಬಾಗಿನಲ್ಲಿದ್ದ ‘ಲಿಟಲ್ ಐರ್ಲೆಂಡ್’ ಎಂಬ ಕೇರಿ ಇದರಲ್ಲಿ ಕುಖ್ಯಾತ. 1842ರಲ್ಲಿ ಅಪ್ಪನ ನೂಲಿನ ವ್ಯಾಪಾರ ನೋಡಿಕೊಳ್ಳಲು ಜರ್ಮನಿಯಿಂದ ಬಂದ 22ರ ಯುವಕ ಫ್ರೆಡ್ರಿಕ್ ಏಂಗೆಲ್ಸ್ ಈ ಕೇರಿಗಳನ್ನೆಲ್ಲ ಸುತ್ತಿದರು. ಅವರು ಗಮನಿಸಿದ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ದೊಡ್ಡ ರಸ್ತೆಗಳ ಎರಡೂ ಬದಿಗೆ ಅಂಗಡಿ ಸಾಲು ಇತ್ತು. ಗಿರಣಿ ಮಾಲೀಕ ದಿನಾ ಅದೇ ರಸ್ತೆಯಲ್ಲಿ ಗಾಡಿಯಲ್ಲಿ ಬಂದು ಹೋದರೂ ಅಂಗಡಿಗಳ ಹಿಂದಿದ್ದ ಕೇರಿ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ ಆಡಳಿತಕ್ಕೆ ಬನ್ನಿ. ಚರಂಡಿ ಕಟ್ಟುವವರು ಯಾರು? ಪುರಸಭೆ. ಮ್ಯಾಂಚೆಸ್ಟರ್‌ಗೆ ಪುರಸಭೆ ಬಂದದ್ದು 1838ರಲ್ಲಿ! ಪಾರ್ಲಿಮೆಂಟಿನಲ್ಲಿ ಅದಕ್ಕೆ ಸ್ವಂತ ಸದಸ್ಯರು ಸಿಕ್ಕಿದ್ದು 1832ರಲ್ಲಿ. ಅಲ್ಲಿಯವರೆಗೆ ಲೋಕಕ್ಕೆಲ್ಲ ಬಟ್ಟೆ ಕಳಿಸುತ್ತಿದ್ದ ಊರು ಕಾಗದದ ಮೇಲೆ ಒಂದು ಹಳ್ಳಿ. ಮೋಸ್ಲಿ ಎಂಬ ಜಮೀನ್ದಾರಿ ಮನೆತನದ ಹಕ್ಕಿನಲ್ಲಿ ಇತ್ತು. ಮಾರುಕಟ್ಟೆಯ ಸುಂಕ ಅವರಿಗೆ ಹೋಗುತ್ತಿತ್ತು. 1846ರಲ್ಲಿ ಪುರಸಭೆ 2 ಲಕ್ಷ ಪೌಂಡ್ ಕೊಟ್ಟು ಆ ಹಕ್ಕುಗಳನ್ನು ಕೊಂಡುಕೊಂಡಿತು. ಊರನ್ನು ಊರವರೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಆಮೇಲೆ ನೀರು. 1848ರಲ್ಲಿ ಜಾನ್ ಬೇಟ್‌ಮನ್ ಎಂಬ ಎಂಜಿನಿಯರ್ ಊರಿನ ಪೂರ್ವದ ಬೆಟ್ಟಗಳಲ್ಲಿ, ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಸಾಲು ಕೆರೆ ಕಟ್ಟಲು ಶುರು ಮಾಡಿದರು. 1851ಕ್ಕೆ ನೀರು ಊರು ಮುಟ್ಟಿತು. ಅದೂ ಸಾಲದೆ 1894ರಲ್ಲಿ ಥರ್ಲ್‌ಮಿಯರ್ ಸರೋವರದಿಂದ ಸುಮಾರು 150 ಕಿಲೋಮೀಟರ್ ದೂರ ನೀರು ತಂದರು. ದಾರಿಯಲ್ಲಿ ಒಂದೂ ಪಂಪ್ ಇಲ್ಲ, ಬರೀ ಇಳಿಜಾರು. ನಮ್ಮ ವೃತ್ತಿಯವರಿಗೆ ಅದು ಯಾತ್ರೆಗೆ ಹೋಗಿ ನೋಡುವಂಥ ಕೆಲಸ.

ಆದರೆ ನೀರು ಬಂದ ಮಾತ್ರಕ್ಕೆ ಅರ್ಧ ಕೆಲಸವೇ ಆಯಿತು. ಕಕ್ಕಸು ಹಾಗೇ ಉಳಿಯಿತು. 1870ರ ದಶಕದಲ್ಲಿ ಗುಂಡಿ ಮುಚ್ಚಿ ಬಕೆಟ್ ಇಟ್ಟರು, ರಾತ್ರಿ ಗಾಡಿಯವರು ಬಂದು ಒಯ್ಯುತ್ತಿದ್ದರು. ನೀರು ಹರಿಸುವ ಕಕ್ಕಸಿಗೆ ಇನ್ನೂ ಬಹಳ ವರ್ಷ ಕಾಯಬೇಕಾಯಿತು. ಯಾಕೆ ಅಂದರೆ, ಪುರಸಭೆಗೆ ಮತ ಹಾಕುವವರು ತೆರಿಗೆ ಕಟ್ಟುವವರು. ಅವರಲ್ಲಿ ಬಹಳ ಜನ ಅವೇ ಮನೆಗಳನ್ನು ಬಾಡಿಗೆಗೆ ಕೊಟ್ಟವರು. ಚರಂಡಿ ಅಂದರೆ ಅವರಿಗೆ ತೆರಿಗೆ ಏರುವ ಮಾತು. ನನ್ನ ಸರ್ವೀಸಿನಲ್ಲೂ ಇದೇ ಮಾತನ್ನು ಎಷ್ಟು ಮೀಟಿಂಗಿನಲ್ಲಿ ಕೇಳಿದ್ದೇನೆ!

ಲಾಳಿ

ದಾವಣಗೆರೆಯಿಂದ. ನಮ್ಮ ಅಜ್ಜ ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿದ್ದರು. ಕಿವಿ ಮಂದ. ಆದರೆ ಬೀದಿಯ ಆ ಬದಿಯಲ್ಲಿ ನಿಂತು ನಾವು ಪಿಸುಗುಟ್ಟಿದರೂ ತುಟಿ ನೋಡಿ ಹೇಳುತ್ತಿದ್ದರು. ಸಣ್ಣವನಿದ್ದಾಗ ಅದು ಮಂತ್ರ ಅಂದುಕೊಂಡಿದ್ದೆ.

ಮ್ಯಾಂಚೆಸ್ಟರ್ ಸುತ್ತಿನ ಲ್ಯಾಂಕಶೈರ್ ಸೀಮೆಯ ನೇಕಾರ ಹೆಂಗಸರ ಬಗ್ಗೆ ಓದಿದಾಗ ಮೈ ಜುಮ್ಮೆಂದಿತು. ನೂರಾರು ಮಗ್ಗ ಒಂದೇ ಸೂರಿನಡಿ ಬಡಿಯುವಾಗ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅವರು ಬಾಯಿ ದೊಡ್ಡದಾಗಿ ಆಡಿಸಿ, ಮುಖ ಆಡಿಸಿ, ಸದ್ದಿಲ್ಲದೆ ಮಾತಾಡುವುದನ್ನು ಕಲಿತರು. ಅದಕ್ಕೆ ‘ಮೀ-ಮಾ’ ಅಂತ ಹೆಸರೇ ಇತ್ತು. ಇನ್ನೊಂದು, ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಎಳೆಯನ್ನು ಸಣ್ಣ ತೂತಿನಿಂದ ಹೊರಗೆ ತರಬೇಕು. ತೂತಿಗೆ ಬಾಯಿ ಇಟ್ಟು ಒಂದೇ ಉಸಿರಿಗೆ ಎಳೆಯುತ್ತಿದ್ದರು. ಅದನ್ನು ‘ಲಾಳಿಗೆ ಮುತ್ತಿಡುವುದು’ ಅನ್ನುತ್ತಿದ್ದರು. ಒಂದೇ ಲಾಳಿ, ಹತ್ತಾರು ಬಾಯಿ. ಎಳೆಯ ಜೊತೆ ಹತ್ತಿಯ ಧೂಳೂ ಒಳಗೆ ಹೋಗುತ್ತಿತ್ತು.

ನೂಲುವ ಖಾತೆಯಲ್ಲಿ ಮಕ್ಕಳು. ಮ್ಯೂಲ್ ಯಂತ್ರದ ಗಾಡಿ ಹಿಂದೆ ಮುಂದೆ ಓಡುತ್ತಿರುವಾಗಲೇ ಅದರ ಕೆಳಗೆ ನುಸುಳಿ ಬಿದ್ದ ಅರಳೆ ಬಳಿಯಬೇಕು. ಕಡಿದ ಎಳೆ ಕಟ್ಟುವ ಮಕ್ಕಳು ದಿನವಿಡೀ ಗಾಡಿಯ ಹಿಂದೆ ಓಡಾಡಬೇಕು. ಜಾನ್ ಫೀಲ್ಡನ್ ಎಂಬ ಗಿರಣಿ ಮಾಲೀಕರೇ ತಮ್ಮ ಗಿರಣಿಯಲ್ಲಿ ಲೆಕ್ಕ ಹಾಕಿ ನೋಡಿದರು. 12 ಗಂಟೆಗೆ ಸುಮಾರು 20 ಮೈಲಿ ನಡಿಗೆ! ಅದೇ ಫೀಲ್ಡನ್ ಮುಂದೆ ಪಾರ್ಲಿಮೆಂಟಿನಲ್ಲಿ ನಿಂತು ಹೆಂಗಸರು, ಹುಡುಗರನ್ನು ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂಬ 1847ರ ಕಾನೂನು ಪಾಸ್ ಮಾಡಿಸಿದರು. ಮಾಲೀಕರೆಲ್ಲ ಕೆಟ್ಟವರು ಅಂತ ಬರೆಸಬೇಡಿ ಟೀಚರ್. ಇಂಥವರೂ ಇದ್ದರು.

ದಾದಿ

1833ರ ಕಾನೂನಿನಲ್ಲಿ 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗೆ ಸೇರಿಸಬಾರದು ಅಂತ ಬಂತು. ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ಕು ಜನ ಇನ್‌ಸ್ಪೆಕ್ಟರ್‌ಗಳು! ಹುಟ್ಟಿದ ದಿನ ನೋಂದಾಯಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಶುರುವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ಮಗುವಿಗೆ ಒಂಬತ್ತು ತುಂಬಿದೆ ಅಂತ ಸಾಬೀತು ಮಾಡುವುದು ಹೇಗೆ? ಎತ್ತರ ನೋಡುತ್ತಿದ್ದರು, ಹಲ್ಲು ನೋಡುತ್ತಿದ್ದರು.

ಗುಳೆ

ಒಳ್ಳೆಯದನ್ನೂ ಹೇಳಿ ಅಂತ ಮತ್ತೆ ಬಂದೆ. 1850ರ ಕಾನೂನು ಶನಿವಾರ ಮಧ್ಯಾಹ್ನ 2 ಗಂಟೆಗೆ ಗಿರಣಿ ನಿಲ್ಲಿಸಬೇಕು ಅಂದಿತು. ಹೆಂಗಸರು, ಹುಡುಗರು ಹೊರಟರೆ ಗಂಡಸರ ಕೆಲಸವೂ ನಿಲ್ಲುತ್ತಿತ್ತು. ಶನಿವಾರ ಮಧ್ಯಾಹ್ನ ಎಂಬ ಬಿಡುವು ಹುಟ್ಟಿದ್ದು ಹೀಗೆ. ಮುಂದೆ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳು ಶನಿವಾರ 3 ಗಂಟೆಗೆ ಬಂದು ಕೂತದ್ದಕ್ಕೂ ಇದೇ ಬೇರು. 1846ರಲ್ಲಿ ಮ್ಯಾಂಚೆಸ್ಟರ್, ಸಾಲ್ಫೋರ್ಡ್‌ನಲ್ಲಿ ಒಂದೇ ದಿನ ಮೂರು ಪಾರ್ಕ್ ತೆರೆದರು, ಜನರ ಚಂದಾ ಹಣದಿಂದ. 1852ರಲ್ಲಿ ಪುಕ್ಕಟೆ ಲೈಬ್ರರಿ ಬಂತು.

ಬೆಳಗ್ಗೆ ಕತ್ತಲಲ್ಲಿ ಎಬ್ಬಿಸಲು ಒಬ್ಬ ಮನುಷ್ಯ ಇರುತ್ತಿದ್ದ, ಗೊತ್ತಾ? ಉದ್ದನೆ ಕೋಲಿನ ತುದಿಗೆ ತಂತಿ ಕಟ್ಟಿಕೊಂಡು ಮಹಡಿಯ ಕಿಟಕಿ ಗಾಜಿಗೆ ಗೀರುತ್ತಾ ಹೋಗುತ್ತಿದ್ದ. ವಾರಕ್ಕೆ ಮನೆಗಿಷ್ಟು ಅಂತ ಚಿಲ್ಲರೆ ಕಾಸು. ಮನೆಯಲ್ಲಿ ಗಡಿಯಾರ ಇಲ್ಲದವರಿಗೆ ಅವನೇ ಗಡಿಯಾರ. ಬಾಗಿಲು ಮುಚ್ಚಿದ ಮೇಲೆ ಹೋದರೆ ಕೂಲಿ ಕಟ್ ಆಗುತ್ತಿತ್ತು.

ಕುಮಟಾ ಕಡಲು

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಮ್ಮ ಊರಿನ ಹೆಸರು ಆ ಗಿರಣಿಗಳಲ್ಲಿ ಓಡಾಡುತ್ತಿತ್ತು ಅಂತ ಎಷ್ಟು ಜನರಿಗೆ ಗೊತ್ತು?

ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯ ಜವಾರಿ ಹತ್ತಿಗೆ ಪೇಟೆಯ ಹೆಸರು ‘ಕುಮಟಾ’. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ಇಲ್ಲಿ ತೆಂಗು, ಅಡಿಕೆ, ಭತ್ತ. ಹತ್ತಿ ಹಡಗು ಹತ್ತುತ್ತಿದ್ದ ಬಂದರು ಇದು, ಅದಕ್ಕೆ ಆ ಹೆಸರು. ಅಂಡಿಗೆಗಳನ್ನು ಎತ್ತಿನ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿಸಿ ತರುತ್ತಿದ್ದರು. ಇಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬೈಗೆ, ಅಲ್ಲಿಂದ ಆಫ್ರಿಕಾದ ತುದಿ ಸುತ್ತಿಕೊಂಡು ಲಿವರ್‌ಪೂಲ್‌ಗೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ.

ಲ್ಯಾಂಕಶೈರ್‌ಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ್ದು, ಗುಲಾಮರು ಬಿಡಿಸಿದ್ದು. 1861ರಲ್ಲಿ ಅಲ್ಲಿ ಒಳಯುದ್ಧ ಶುರುವಾಯಿತು, ಬಂದರುಗಳಿಗೆ ದಿಗ್ಬಂಧನ ಬಿತ್ತು. ಮ್ಯಾಂಚೆಸ್ಟರ್‌ನ ವ್ಯಾಪಾರಿಗಳ ಕಣ್ಣು ನಮ್ಮ ಕಡೆ ತಿರುಗಿತು. 1840ರ ದಶಕದಿಂದಲೇ ಧಾರವಾಡದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸುತ್ತಿದ್ದರು. ನಮ್ಮವರು ಅದನ್ನು ವಿಲಾಯತಿ ಹತ್ತಿ ಅಂದರು, ಪೇಟೆಯಲ್ಲಿ ಅದು ‘ಧಾರವಾಡ್ ಅಮೆರಿಕನ್’. ಆ ಹತ್ತಿ ಸಾಗಿಸಲು ಕಾರವಾರದಲ್ಲಿ ಬಂದರು ಮಾಡಿ ಅಂತ ಮ್ಯಾಂಚೆಸ್ಟರ್‌ನವರು ಸರ್ಕಾರದ ಬೆನ್ನು ಹತ್ತಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಒತ್ತಡ ಇತ್ತು. ಮುಂದೆ ಸುಮಾರು ತೊಂಬತ್ತು ವರ್ಷ ದಕ್ಷಿಣ ಕನ್ನಡ ಒಂದು ಸರ್ಕಾರದಲ್ಲಿ, ಉತ್ತರ ಕನ್ನಡ ಇನ್ನೊಂದು ಸರ್ಕಾರದಲ್ಲಿ.

1884ರ ಸುಮಾರಿಗೆ ಗದಗ ಕಡೆಗೆ ರೈಲು ಬಂತು. ಕುಮಟೆಯ ಹತ್ತಿ ವ್ಯಾಪಾರ ಅಲ್ಲಿಗೆ ಇಳಿಮುಖ.

ಬೆಳವಲದ ರೈತ

ಕಡಲಿನವರು ಹೇಳಿದ್ದು ಖರೆ. ಆದರೆ ‘ನಿಮ್ಮ ಹತ್ತಿ ಹೊಲಸು’ ಅಂತ ಆ ಕಾಲದ ಪತ್ರಗಳಲ್ಲೆಲ್ಲ ನಮ್ಮ ಮೇಲೆ ದೂರು. ನೀರು ಹೊಡೆದಿದ್ದಾರೆ, ಬೀಜ ಬೆರೆಸಿದ್ದಾರೆ, ಜವಾರಿಯನ್ನು ವಿಲಾಯತಿಗೆ ಸೇರಿಸಿದ್ದಾರೆ ಅಂತ. 1863ರಲ್ಲಿ ಮುಂಬೈ ಸರ್ಕಾರ ಕಲಬೆರಕೆಗೆ ಶಿಕ್ಷೆಯ ಕಾನೂನೇ ತಂತು. ಹೊಲದಿಂದ ಲಿವರ್‌ಪೂಲ್‌ವರೆಗೆ ದಲಾಲರ ಎಷ್ಟು ಕೈ ದಾಟುತ್ತಿತ್ತು ಅನ್ನುವುದನ್ನು ಮಾತ್ರ ಯಾರೂ ಜೋರಾಗಿ ಕೇಳಲಿಲ್ಲ. ಬೆಲೆ ಏರಿದಾಗ ರೈತರು ಸಾಲ ಮಾಡಿ ಹತ್ತಿ ಹಾಕಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದೊಪ್ಪನೆ ಬಿತ್ತು. ಸಾಲ ಮಾತ್ರ ಹಾಗೇ ನಿಂತಿತು.

ನಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿದ್ದನ್ನು ಇಂಥ ಸಾಲದ ಹಿನ್ನೆಲೆಯಲ್ಲೇ ನೋಡಬೇಕು ಅಂತ ನನ್ನ ಅಭಿಪ್ರಾಯ. ಲ್ಯಾಂಕಶೈರ್‌ನ ರಾಚ್‌ಡೇಲ್‌ನಲ್ಲಿ 1844ರಲ್ಲೇ 28 ಜನ ಸೇರಿ ಕಲಬೆರಕೆ ಇಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆರೆದಿದ್ದರು. ಅದು ದಿನಸಿಯದ್ದು, ನಮ್ಮದು ಸಾಲದ್ದು.

ಲಾಳಿ

ಆ ಕಡೆ ನೇಕಾರರಿಗೂ ನಮ್ಮ ಹತ್ತಿ ಕಷ್ಟವೇ ಆಯಿತು. ಭಾರತದಿಂದ ಬಂದದ್ದನ್ನೆಲ್ಲ ಅವರು ‘ಸೂರತ್’ ಅನ್ನುತ್ತಿದ್ದರು. ಎಳೆ ಗಿಡ್ಡ. ಅಮೆರಿಕದ ಉದ್ದ ಎಳೆಗೆ ಮಾಡಿದ ಯಂತ್ರದಲ್ಲಿ ಹಾಕಿದರೆ ಪಟಪಟ ಕಡಿಯುತ್ತದೆ. ಕೂಲಿ ಗಂಟೆಗಲ್ಲ, ನೇಯ್ದ ಬಟ್ಟೆಯ ಲೆಕ್ಕಕ್ಕೆ. ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ಇಲ್ಲ. ‘ದೇವರೇ ಹತ್ತಿ ಕೊಡು, ಸೂರತ್ ಮಾತ್ರ ಬೇಡ’ ಅಂತ ಪ್ರಾರ್ಥನೆ ಮಾಡಿದರು ಅನ್ನುವ ಕಥೆ ಅಲ್ಲಿ ಇವತ್ತಿಗೂ ಹೇಳುತ್ತಾರೆ.

ಇಷ್ಟಾದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನ ಕೆಲಸಗಾರರು ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭೆ ಸೇರಿ, ಗುಲಾಮಗಿರಿ ತೊಲಗಿಸಿ ಅಂತ ಲಿಂಕನ್‌ಗೆ ಪತ್ರ ಬರೆದರು. ಮರುವರ್ಷ ಜನವರಿಯಲ್ಲಿ ಲಿಂಕನ್ ಉತ್ತರ ಬರೆದರು. ಎಲ್ಲ ಊರೂ ಹಾಗಿರಲಿಲ್ಲ, ಲಿವರ್‌ಪೂಲ್‌ನ ಎಷ್ಟೋ ವ್ಯಾಪಾರಿಗಳು ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ಅಮೆರಿಕದ ದಕ್ಷಿಣ ರಾಜ್ಯಗಳವರ ಕಡೆಗಿದ್ದರು. ಆದರೂ ಕೆಲಸ ಕಳೆದುಕೊಂಡವರು ಈ ಮಾತು ಬರೆದರಲ್ಲ, ಅದನ್ನು ಮಕ್ಕಳಿಗೆ ಖಂಡಿತ ಹೇಳಿ ಟೀಚರ್.

ನೀರಗಂಟಿ

ಈ ಯುದ್ಧದ ಕಥೆ ಚರಂಡಿಗೇ ವಾಪಸ್ ಬರುತ್ತದೆ, ನೋಡಿ.

1862ರ ಕೊನೆಗೆ ಲಕ್ಷಗಟ್ಟಲೆ ಗಿರಣಿ ಜನ ಕೆಲಸವಿಲ್ಲದೆ ಕೂತಿದ್ದರು. ಬರೀ ಗಂಜಿ ಹಾಕಿ ಎಷ್ಟು ದಿನ ಅಂತ 1863ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಹತ್ತಿ ಊರುಗಳ ಪುರಸಭೆಗಳಿಗೆ ಕಡಿಮೆ ಬಡ್ಡಿಗೆ ಸಾಲ. ಆ ದುಡ್ಡಿನಲ್ಲಿ ಊರಿನ ಕೆಲಸ ಮಾಡಿಸಿ, ಕೂಲಿ ಕೊಡಿ. ರಾಬರ್ಟ್ ರಾಲಿನ್ಸನ್ ಎಂಬ ಎಂಜಿನಿಯರ್ ಉಸ್ತುವಾರಿ. ಏನು ಕೆಲಸ? ರಸ್ತೆ, ನೀರಿನ ಕೊಳವೆ, ಪಾರ್ಕು. ಮತ್ತೆ ಒಳಚರಂಡಿ. ಓಲ್ಡಮ್‌ನ ಅಲೆಕ್ಸಾಂಡ್ರಾ ಪಾರ್ಕ್ ಹಾಗೆ ಆದದ್ದೇ.

ಗಿರಣಿ ಓಡುತ್ತಿದ್ದ ಅಷ್ಟು ವರ್ಷ ಚರಂಡಿಗೆ ದುಡ್ಡಿರಲಿಲ್ಲ. ಗಿರಣಿ ನಿಂತಾಗ ಬಂತು. ನೂಲಿನ ಎಳೆ ಕಟ್ಟುತ್ತಿದ್ದ ಮೆತ್ತನೆ ಬೆರಳಿನ ಜನ ಗುದ್ದಲಿ ಹಿಡಿದು ತಮ್ಮ ಬೀದಿಯನ್ನೇ ಅಗೆದರು. ಮೊದಮೊದಲು ಅಂಗೈಯೆಲ್ಲ ಬೊಬ್ಬೆ.

ದಾದಿ

ನೀರಗಂಟಿ ಸರ್, ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ಅದೇ ವರ್ಷಗಳಲ್ಲಿ ಎಡ್ವರ್ಡ್ ಸ್ಮಿತ್ ಎಂಬ ವೈದ್ಯರನ್ನು ಸರ್ಕಾರ ಲ್ಯಾಂಕಶೈರ್‌ಗೆ ಕಳಿಸಿತ್ತು. ಹಸಿವು ನೋಡಲು ಹೋದವರು ಅವರು. ಗಿರಣಿ ಮುಚ್ಚಿದ್ದರಿಂದ ತಾಯಂದಿರು ಮನೆಯಲ್ಲಿದ್ದಾರೆ, ಮಕ್ಕಳಿಗೆ ಎದೆಹಾಲು ಸಿಗುತ್ತಿದೆ, ಆ ಅಫೀಮಿನ ಕಾಕಂಬಿ ಕುಡಿಸುವುದು ತಪ್ಪಿದೆ ಅಂತ ಅವರು ವರದಿ ಮಾಡಿದರು. ಮನೆಯಲ್ಲಿ ಹಿಟ್ಟಿಲ್ಲದ ಹೊತ್ತಿನಲ್ಲಿ!

ಬೆಳವಲದ ರೈತ

ಟೀಚರಕ್ಕ, ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಎಳೆ ಗಿಡ್ಡ ಅಂದರೇನು ಅಂತ ತಿಳಿಯುವುದಿಲ್ಲ. ನಮ್ಮ ಕಡೆ ಈಗಲೂ ಅಲ್ಲಲ್ಲಿ ಜಯಧರ ಹತ್ತಿ ಬೆಳೆಯುತ್ತಾರೆ, ಹಳೆಯ ಕುಮಟಾ ಹತ್ತಿಯ ಜಾತಿಯದೇ. ಉದ್ದ ಎಳೆಗೆ ಡಿಸಿಎಚ್ ಎಂಬ ತಳಿ ಇದೆ. ಎರಡರದ್ದೂ ಒಂದೊಂದು ಹಿಡಿ ಅರಳೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಬೆರಳಲ್ಲೇ ಎಳೆದು ಹುರಿ ಮಾಡಲು ಹೇಳಿ.

ಟೀಚರಕ್ಕ

ಎಲ್ಲರಿಗೂ ನಮಸ್ಕಾರ. ಸೋಮವಾರ ಪಾಠ ಆಯಿತು, ಮಂಗಳವಾರವೂ ಮುಂದುವರಿಯಿತು.

ಬೋರ್ಡ್ ಮೇಲೆ ಬೆನ್ನಿಗೆ ಬೆನ್ನಿನ ಮನೆ, ಅಂಗಳ, ಗುಂಡಿ, ನೆಲಮಾಳಿಗೆ ಬರೆದೆ. ಆ ಹುಡುಗಿ ಎದ್ದು ಬಂದು ಚಾಕ್‌ಪೀಸ್ ತೆಗೆದುಕೊಂಡು ಗುಂಡಿಯಿಂದ ನೆಲಮಾಳಿಗೆಗೆ ತಾನೇ ಒಂದು ಬಾಣದ ಗುರುತು ಹಾಕಿದಳು. ನಾನು ಇನ್ನೂ ಹೇಳಿರಲಿಲ್ಲ.

ಆಮೇಲೆ ಅರಳೆ ಹಂಚಿದೆ. ಉದ್ದ ಎಳೆಯದು ಬೇಗ ಹುರಿಯಾಯಿತು, ಎಳೆದರೂ ನಿಂತಿತು. ಜಯಧರ ಅವಳ ಪಾಲಿಗೆ ಬಂದಿತ್ತು. ತೊಡೆಯ ಮೇಲೆ ಹೊಸೆದಳು, ಕಡಿಯಿತು. ಎಂಜಲು ಹಚ್ಚಿ ಗಂಟು ಹಾಕಿದಳು, ಮತ್ತೆ ಕಡಿಯಿತು. ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದಳು. ಬೆಲ್ ಹೊಡೆಯುವಷ್ಟರಲ್ಲಿ 11 ಗೀಟು.

‘ಇದಕ್ಕೆ ಕೂಲಿ ಕಟ್ ಮಾಡ್ತಿದ್ರಾ ಮಿಸ್?’ ಅಂದಳು.

ಹೌದು ಅಂದೆ.